ಎಣ್ಣೆಸ್ವಾಮಿ ಬಂದರೆ

ಇವತ್ತು ಸತ್ತವರನ್ನು ನೆನೆಯುವ ಹಬ್ಬ, ಇನ್ನು ಸ್ವಲ್ಪ ಹೊತ್ತಿಗೆ ಪೂಜೆ ಮುಗಿಸಿ ನಾವೆಲ್ಲ ಮೆರವಣಿಗೆಯಲ್ಲಿ ಸಮಾಧಿಗಳ ಕಡೆಗೆ ಹೋಗುತ್ತೇವೆ. ಹೂವು ತಂದಿದ್ದೀರಿ, ಮೇಣದಬತ್ತಿ ತಂದಿದ್ದೀರಿ. ನಿನ್ನೆಯೇ ಬಂದು ನಿಮ್ಮ ನಿಮ್ಮ ಮನೆಯವರ ಸಮಾಧಿಗೆ ಸುಣ್ಣ ಬಳಿದು ಹೋಗಿದ್ದೀರಿ. ಬಹಳ ಸಂತೋಷ. ಆದರೆ ದೊಡ್ಡ ಶಿಲುಬೆಯ ಬುಡದಲ್ಲಿ ಕೆಲವು ಸಮಾಧಿಗಳಿವೆ, ನೋಡಿ, ಈ ಚರ್ಚಿನ ಧರ್ಮಕೇಂದ್ರದಲ್ಲಿ ಸೇವೆ ಮಾಡುತ್ತಲೇ ತೀರಿಕೊಂಡ ನನ್ನಂಥ ಗುರುಗಳವು. ಅವಕ್ಕೆ ಸುಣ್ಣ ಬಳಿದವರು ಯಾರು? ಬೆಳಿಗ್ಗೆ ಹೋಗಿ ನೋಡಿಕೊಂಡು ಬಂದೆ. ಒಂದರ ಮೇಲೆ ಯಾರೋ ತಮ್ಮ ಸುಣ್ಣದ ಡಬ್ಬಿ ಇಟ್ಟು ಮರೆತು ಹೋಗಿದ್ದಾರೆ, ಅಷ್ಟೇ. ಗುರುಗಳಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಅವರು ಎಲ್ಲರಿಗೂ ಸೇರಿದವರು ಎಂದು ನೀವೇ ಹೇಳುತ್ತೀರಿ. ಎಲ್ಲರಿಗೂ ಸೇರಿದ್ದನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದಕ್ಕೆ ಊರಿನ ಕೈಪಂಪನ್ನು ನೋಡಿದರೆ ಸಾಕು.

ಇರಲಿ, ಬೈಯಲು ನಿಂತಿಲ್ಲ. ಒಂದು ಕಥೆ ಹೇಳುತ್ತೇನೆ.

ನಮ್ಮಂಥದೇ ಒಂದು ಊರು. ಅಲ್ಲಿ ಸಾವಿಗೆ ಹೆದರುವ ಒಬ್ಬ ಹಣವಂತ. ಸಾವಿಗೆ ಹೆದರದ ಹಣವಂತ ಎಲ್ಲಿದ್ದಾನೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದುಕೊಳ್ಳುತ್ತಿದ್ದೀರಿ. ನಿಜವೇ. ಬಡವನೂ ಹೆದರುತ್ತಾನೆ, ಆದರೆ ಅವನಿಗೆ ಹೆದರುತ್ತ ಕೂರಲು ಪುರುಸೊತ್ತಿಲ್ಲ. ಈತನಿಗೆ ಪುರುಸೊತ್ತಿತ್ತು. ಹೆಸರು ಬೇಕೇ? ಇನ್ನಾಸಪ್ಪ ಎಂದು ಇಟ್ಟುಕೊಳ್ಳಿ. ಇಲ್ಲಿ ಕೂತಿರುವ ಯಾವ ಇನ್ನಾಸಪ್ಪನ ಕಡೆಗೂ ತಿರುಗಿ ನೋಡಬೇಡಿ, ಇವನು ಕಥೆಯ ಇನ್ನಾಸಪ್ಪ.

ಅವನದು ರೇಷ್ಮೆ ನೂಲು ಬಿಚ್ಚುವ ಘಟಕ. ಬೆಳಗಾದರೆ ರಾಶಿ ರಾಶಿ ಗೂಡುಗಳನ್ನು ಕುದಿಯುವ ನೀರಿಗೆ ಸುರಿಸಿ ಎಳೆ ತೆಗೆಸುವುದು ಅವನ ಕಸುಬು. ಪ್ರತಿ ಗೂಡಿನೊಳಗೂ ಒಂದು ಜೀವ ಇತ್ತಲ್ಲ ಎಂದು ಅವನಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಆದರೆ ತನ್ನ ಎದೆಯಲ್ಲಿ ಸಣ್ಣಗೆ ಚುಚ್ಚಿದರೆ ಸಾಕು, ಕೆಲಸ ಬಿಟ್ಟು ಡಾಕ್ಟರ ಬಾಗಿಲಿಗೆ ಓಡುವನು. ಯಾರ ಮನೆಯ ಮುಂದಾದರೂ ಶಾಮಿಯಾನ ಕಂಡರೆ ಬೇರೆ ಬೀದಿ ಹಿಡಿಯುವನು. ಹೆಣದ ಮುಖ ನೋಡಬೇಕಾಗುತ್ತದೆಂದು ಸ್ವಂತ ಷಡ್ಡಕನ ಮಣ್ಣಿಗೂ ಹೋಗಿರಲಿಲ್ಲ, ವ್ಯಾಪಾರದ ನೆಪ ಹೇಳಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೆದರುತ್ತಿದ್ದದ್ದು ಒಬ್ಬ ಮನುಷ್ಯನಿಗೆ. ಯಾರಿಗೆ ಗೊತ್ತೇ? ಪೊಲೀಸರಿಗಲ್ಲ, ರೌಡಿಗಳಿಗಲ್ಲ. ಆ ಊರಿನ ಗುರುಗಳಿಗೆ.

ಜೋಜಪ್ಪ ಸ್ವಾಮಿಗಳು ಎಂದು ಅವರ ಹೆಸರು. ಆದರೆ ಊರು ಬೆನ್ನ ಹಿಂದೆ ಅವರನ್ನು ಎಣ್ಣೆಸ್ವಾಮಿ ಎನ್ನುತ್ತಿತ್ತು. ನಗಬೇಡಿ, ನೀವು ನೆನೆಸಿಕೊಂಡ ಎಣ್ಣೆಯಲ್ಲ. ಅವರು ಕುಡಿಯುತ್ತಿದ್ದದ್ದು ಸಕ್ಕರೆ ಇಲ್ಲದ ಕಾಫಿಯೊಂದೇ. ನಮ್ಮ ಧರ್ಮಸಭೆಯಲ್ಲಿ ಕಾಯಿಲೆ ಬಿದ್ದವರ ಹತ್ತಿರ ಗುರುಗಳು ಹೋಗಿ, ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುತ್ತಾರೆ. ಯಾರಿಗೆ? ಕಾಯಿಲೆಯವರಿಗೆ. ಇನ್ನೊಮ್ಮೆ ಹೇಳುತ್ತೇನೆ, ಕಾಯಿಲೆಯವರಿಗೆ. ಆದರೆ ನಾವು ಏನು ಮಾಡುತ್ತೇವೆ? ಜ್ವರ ಬಂದರೆ ಮಾತ್ರೆ. ಜ್ವರ ಏರಿದರೆ ಡಾಕ್ಟರು. ಡಾಕ್ಟರು ಕೈಚೆಲ್ಲಿದರೆ ದೊಡ್ಡಾಸ್ಪತ್ರೆ. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರೆ ನೆಂಟರಿಗೆಲ್ಲ ಫೋನು. ನೆಂಟರು ಬಂದು, ಅತ್ತು, ಕಾಫಿ ಕುಡಿದು, ಕೊನೆಗೆ ಕಾಯಿಲೆಯವರ ಗಂಟಲಲ್ಲಿ ಗೊರಗೊರ ಶುರುವಾದಾಗ ಯಾರಿಗೋ ನೆನಪಾಗುತ್ತದೆ, ಸ್ವಾಮಿಗಳನ್ನು ಕರೆಯಲಿಲ್ಲವಲ್ಲ ಎಂದು. ಸ್ವಾಮಿಗಳು ಎದ್ದು ಬಿದ್ದು ಬರುತ್ತಾರೆ, ತೈಲ ಹಚ್ಚುತ್ತಾರೆ, ಅವರು ಹೊಸ್ತಿಲು ದಾಟುವಷ್ಟರಲ್ಲಿ ಜೀವ ಹೋಗಿರುತ್ತದೆ. ಆಮೇಲೆ ಏನು ಹೇಳುತ್ತೇವೆ? ಎಣ್ಣೆ ಹಚ್ಚಿದರು, ಹೋಗಿಬಿಟ್ಟರು ಎನ್ನುತ್ತೇವೆ. ತಡ ಮಾಡಿದವರು ನಾವು, ಕೊಂದ ಹೆಸರು ಎಣ್ಣೆಗೆ.

ಇನ್ನಾಸಪ್ಪ ಇದನ್ನು ಪೂರ್ತಿ ನಂಬಿದ್ದ. ಅವನ ಅಪ್ಪನಿಗೆ ಸ್ವಾಮಿಗಳು ಬಂದು ತೈಲ ಹಚ್ಚಿದರು, ಅಪ್ಪ ಹೋದ. ಅಣ್ಣನಿಗೆ ಹಚ್ಚಿದರು, ಅಣ್ಣನೂ ಹೋದ. ಅಪ್ಪ ತಿಂಗಳುಗಟ್ಟಲೆ ರಕ್ತ ಕಾರಿದ್ದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಕಣ್ಣಿಗೆ ಕಂಡದ್ದು ಸ್ವಾಮಿಗಳ ಹೆಬ್ಬೆರಳು ಮತ್ತು ಅಪ್ಪನ ಹಣೆಯ ಮೇಲಿನ ಮಿನುಗು, ಅಷ್ಟೇ.

ಸ್ವಾಮಿಗಳ ಹತ್ತಿರ ಒಂದು ಹಳೇ ಮೊಪೆಡ್ ಇತ್ತು. ಅದರ ಪಟಪಟ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿತೆಂದರೆ ಜಗಲಿಯ ಮೇಲೆ ಮಾತು ನಿಂತುಹೋಗುತ್ತಿತ್ತು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಗಾಡಿ ಮುಂದೆ ಹೋಯಿತು ಎಂದರೆ ಉಸಿರು. ನಿಂತಿತು ಎಂದರೆ, ಯಾರ ಮನೆ ಮುಂದೆ? ಆ ಮುದುಕರು ಬೀದಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿಕೊಂಡು ಹೋಗುತ್ತಿದ್ದರು, ಜನ ಬಾಗಿಲ ಹಿಂದೆ ನಿಂತು ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಯೋಚಿಸಿ ನೋಡಿ. ಹೀಗೆ ಒಂದು ಊರಿನಲ್ಲಿ ವರ್ಷಗಟ್ಟಲೆ ಬದುಕುವುದು ಹೇಗಿರಬಹುದು?

ಹೀಗಿರುವಾಗ ಇನ್ನಾಸಪ್ಪನ ತಾಯಿ ಜ್ಞಾನಮ್ಮ ಹಾಸಿಗೆ ಹಿಡಿದಳು. ವಯಸ್ಸಾಗಿತ್ತು, ಕಾಲು ಊದಿಕೊಂಡಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಇನ್ನಾಸಪ್ಪ ಏನೂ ಕಡಿಮೆ ಮಾಡಲಿಲ್ಲ. ಪಟ್ಟಣದಿಂದ ಡಾಕ್ಟರನ್ನು ಕರೆಸಿದ, ಹೊಸ ಮಂಚ ಹಾಕಿಸಿದ, ಗಾಳಿ ಬರಲೆಂದು ಹಿಂದಿನ ಸಂದಿಯ ಕಡೆಗೆ ಕಿಟಕಿ ಇದ್ದ ಕೋಣೆಯಲ್ಲೇ ಮಲಗಿಸಿದ. ಒಂದನ್ನು ಮಾತ್ರ ಮಾಡಲಿಲ್ಲ. ಆ ಕೋಣೆಯೊಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದ.

"ಮಗ, ಸ್ವಾಮಿಯೋರ್ನ ಒಂದ್ ಸಲ ಕರ್ಸಪ್ಪ" ಎಂದಳು ಜ್ಞಾನಮ್ಮ.

"ಯಾಕವ್ವ? ನಿಂಗೇನಾಗೈತೆ ಈಗ? ಡಾಕ್ಟ್ರು ವಾಸಿ ಆಯ್ತದೆ ಅಂದವ್ರೆ."

"ವಾಸಿಯಾದ್ರೆ ಆಗ್ಲಿ. ಅವರು ಬಂದು ಕೂತ್ಕೊಂಡ್ರೆ ಧೈರ್ಯ ಕಣಪ್ಪ."

"ನೋಡನ ಇರು. ಈ ವಾರ ಕಳೀಲಿ."

ಆ ವಾರ ಕಳೆಯಿತು, ಅದರ ಮುಂದಿನದೂ ಕಳೆಯಿತು. ಮುದುಕಿ ದಿನವೂ ಕೇಳಿದಳು, ಅವನು ದಿನವೂ ಒಂದೊಂದು ನೆಪ ಹೇಳಿದ. ತಾಯಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೇ? ಇತ್ತು, ಬೇಕಾದಷ್ಟು ಇತ್ತು. ತಾಯಿ ಸಾಯಬಾರದು ಎಂದೇ ಅವನು ಆ ಎಣ್ಣೆಯನ್ನು ತಡೆದದ್ದು.

ಯಾರು ಹೇಳಿದರೋ, ಒಂದು ಸಂಜೆ ಬೀದಿಯಲ್ಲಿ ಪಟಪಟ ಸದ್ದು ಬಂತು. ಬಂದದ್ದು ಇನ್ನಾಸಪ್ಪನ ಗೇಟಿನ ಮುಂದೆ ನಿಂತಿತು. ಅವನು ಓಡಿಹೋಗಿ ಗೇಟಿಗೆ ಅಡ್ಡ ನಿಂತ. ಜೋಜಪ್ಪ ಸ್ವಾಮಿಗಳು ಗಾಡಿಗೆ ಸ್ಟ್ಯಾಂಡು ಹಾಕಿ, ಬೆವರು ಒರೆಸಿಕೊಂಡು, "ಅಮ್ಮ ಹೇಗಿದಾರಪ್ಪ?" ಎಂದು ಕೇಳಿದರು.

"ಚೆನ್ನಾಗವ್ರೆ ಸ್ವಾಮಿ. ನಿದ್ದೆ ಹತ್ತೈತೆ."

"ಎದ್ದೇಳೋವರೆಗೂ ಕೂತಿರ್ತೀನಿ. ನನಗೇನೂ ಅವಸರ ಇಲ್ಲ."

"ಬ್ಯಾಡ ಸ್ವಾಮಿ. ನಿಮ್ಮನ್ನ ನೋಡುದ್ರೆ ಹೆದ್ರುಕೊಂಡ್ಬುಡ್ತಾರೆ."

ಹೆದರಿಕೊಂಡಿದ್ದು ಯಾರು ಎಂದು ಸ್ವಾಮಿಗಳಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಮೆಲ್ಲಗೆ ಹೇಳಿದರು, "ಇನ್ನಾಸಪ್ಪ, ಎಣ್ಣೆ ಜೇಬಲ್ಲೇ ಇರ್ಲಿ. ತೆಗೆಯೋದೇ ಇಲ್ಲ. ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತು ಹೋಗ್ತೀನಿ."

"ಜೇಬಲ್ಲೈತಲ್ಲ ಸ್ವಾಮಿ. ಅದೇ ಬ್ಯಾಡ ಅಂತಿರೋದು."

ಸ್ವಾಮಿಗಳು ಗಾಡಿಯ ಸ್ಟ್ಯಾಂಡು ತೆಗೆದರು. ಬೈಯಲಿಲ್ಲ, ನರಕದ ಮಾತಾಡಲಿಲ್ಲ, ಶಾಪ ಹಾಕಲಿಲ್ಲ. ಗಾಡಿಯನ್ನು ಸ್ಟಾರ್ಟ್ ಕೂಡ ಮಾಡದೆ ತಳ್ಳಿಕೊಂಡು ಹೊರಟುಹೋದರು. ಇನ್ನಾಸಪ್ಪ ಗೇಟಿಗೆ ಚಿಲಕ ಹಾಕಿ ಬಂದ.

"ಯಾರಪ್ಪ ಬಂದಿದ್ದು? ಸ್ವಾಮಿಯೋರ ಗಾಡಿ ಸದ್ದಿದ್ದಂಗಿತ್ತು" ಎಂದು ಒಳಗಿಂದ ಜ್ಞಾನಮ್ಮ ಕೂಗಿದಳು.

"ಗೂಡಿನೋರು ಕಣವ್ವ. ಮನೀಕೊ."

"ಮಗ, ನಂಗೆ ಹೆದ್ರಿಕೆ ಆಯ್ತದೆ. ಇಲ್ಲಿ ಬಂದು ಕೂತ್ಕೊ."

"ಬಂದೆ ಇರವ್ವ, ಒಲೆ ನೋಡ್ಬುಟ್ ಬತ್ತೀನಿ."

ಒಲೆ ನೋಡಿ ಬಂದ. ಬಂದು ಎಲ್ಲಿ ನಿಂತ? ಹೊಸ್ತಿಲಲ್ಲೇ. ತಾಯಿಗೂ ಅವನಿಗೂ ನಡುವೆ ನಾಲ್ಕು ಹೆಜ್ಜೆ ಜಾಗ. ಸ್ವಲ್ಪ ಹೊತ್ತಿನಲ್ಲಿ ಜ್ಞಾನಮ್ಮ ಅವನನ್ನು ಒಮ್ಮೆ ನೋಡಿದಳು, ನೋಡಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಮತ್ತೆ ಈ ಕಡೆಗೆ ತಿರುಗಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಉಸಿರು ನಿಂತಿತ್ತು.

ಅವತ್ತಿನಿಂದ ಇನ್ನಾಸಪ್ಪನ ಹೆದರಿಕೆ ಬೇರೆಯಾಯಿತು. ಮೊದಲು ಸಾವು ಎಂದರೆ ಬರೀ ಕತ್ತಲೆ ಎಂದು ಹೆದರುತ್ತಿದ್ದ. ಈಗ ಆ ಕತ್ತಲೆಯ ಆಚೆ ಒಬ್ಬಳು ಕೂತಿದ್ದಾಳೆ ಎಂದು ಹೆದರತೊಡಗಿದ. ಅವ್ವ ನನ್ನ ಮೇಲೆ ಮುನಿದು ಮುಖ ತಿರುಗಿಸಿಕೊಂಡು ಸತ್ತಳು, ನಾನು ಸತ್ತು ಅಲ್ಲಿಗೆ ಹೋದರೆ ಅಲ್ಲೂ ಮುಖ ತಿರುಗಿಸಿಕೊಂಡೇ ಇರುತ್ತಾಳೆ. ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳಬೇಕಾದ ಮನುಷ್ಯನನ್ನೇ ಗೇಟಿನಿಂದ ಕಳಿಸಿದ್ದನಲ್ಲ. ಪಾಪನಿವೇದನೆಗೆ ಹೋಗುವುದನ್ನೇ ಬಿಟ್ಟ. ಪೂಜೆಗೆ ಬಂದರೂ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು, ಸ್ವಾಮಿಗಳು ಹೊರಗೆ ಬರುವ ಮೊದಲೇ ಎದ್ದುಹೋಗುತ್ತಿದ್ದ.

ಕಾಲ ಯಾರಿಗೆ ಕಾಯುತ್ತದೆ? ಜೋಜಪ್ಪ ಸ್ವಾಮಿಗಳಿಗೂ ವಯಸ್ಸಾಯಿತು. ಹೊಟ್ಟೆಯೊಳಗೆ ಏನೋ ಬೆಳೆಯಿತು. ಗಾಡಿ ಗುರುಮನೆಯ ಗೋಡೆಗೆ ಒರಗಿ ನಿಂತಿತು, ಸ್ವಾಮಿಗಳು ಹಾಸಿಗೆ ಸೇರಿದರು. ಊರು ಏನು ಮಾಡಿತು? ಊರು ಒಳ್ಳೆಯದೇ, ನೋಡಿ. ಹಣ್ಣು ಕಳಿಸಿತು. ಎಳನೀರು ಕಳಿಸಿತು. ತಾನು ಹೋಗಲಿಲ್ಲ. ಸಾಯುತ್ತಿರುವ ಎಣ್ಣೆಸ್ವಾಮಿಯ ಕೋಣೆಗೆ ಯಾರು ಹೋಗುತ್ತಾರೆ? ಅಡುಗೆಯವಳು ತಟ್ಟೆ ಇಟ್ಟು ಮನೆಗೆ ಹೋಗುತ್ತಿದ್ದಳು. ಪಟ್ಟಣದಿಂದ ಬೇರೆ ಗುರುಗಳು ಬಂದು ಅವರಿಗೆ ತೈಲ ಹಚ್ಚಿ ಹೋದರು. ಆಮೇಲೆ ಒಂದು ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ, ಅವರು ತೀರಿಕೊಂಡರು. ಸಂಜೆ ಕಾಫಿ ತಂದ ಅಡುಗೆಯವಳಿಗೇ ಮೊದಲು ಗೊತ್ತಾದದ್ದು.

ಮಣ್ಣು ಮಾತ್ರ ಭರ್ಜರಿ. ಬ್ಯಾಂಡ್‌ಸೆಟ್ ಬಂತು, ಲಾರಿಯಲ್ಲಿ ಹೂ ಬಂತು. ಬೀದಿಯ ಎರಡೂ ತುದಿಗೆ ಫ್ಲೆಕ್ಸ್ ಕಟ್ಟಿಸಿದವನು ಇನ್ನಾಸಪ್ಪನೇ. ಮಧ್ಯದಲ್ಲಿ ಸ್ವಾಮಿಗಳ ಫೋಟೊ, ಮೂಲೆಯಲ್ಲಿ ಕೈಮುಗಿದ ತನ್ನ ಫೋಟೊ. ಯಾವ ಫೋಟೊ ದೊಡ್ಡದಾಗಿತ್ತು ಎಂದು ನಾನು ಹೇಳುವುದಿಲ್ಲ. ಮೈಕಿನಲ್ಲಿ ಒಬ್ಬೊಬ್ಬರೂ ಬಂದು, ನಮ್ಮ ತಂದೆಯಂತಿದ್ದರು, ನಮ್ಮ ಮನೆಯವರಂತಿದ್ದರು ಎಂದು ಅತ್ತರು. ಮನೆಯವರಂತಿದ್ದವರು ಒಬ್ಬರೇ ಹೇಗೆ ಸತ್ತರು ಎಂದು ಮೈಕಿನಲ್ಲಿ ಯಾರೂ ಕೇಳಲಿಲ್ಲ. ಇನ್ನಾಸಪ್ಪ ಮನೆಗೆ ಬಂದು ಸ್ನಾನ ಮಾಡಿ, ಬಹಳ ವರ್ಷದ ಮೇಲೆ ಹೊಟ್ಟೆ ತುಂಬ ಉಂಡ. ಇನ್ನು ಆ ಗಾಡಿ ಬರುವುದಿಲ್ಲವಲ್ಲ ಎಂಬ ನೆಮ್ಮದಿ.

ಗಾಡಿ ಬರಲಿಲ್ಲ, ನಿಜ. ಆ ಊರಿಗೆ ಮತ್ತೆ ಗುರುಗಳೂ ಬರಲಿಲ್ಲ. ಎಲ್ಲಿಂದ ಬರಬೇಕು? ನಿಮ್ಮಲ್ಲಿ ಎಷ್ಟು ಮನೆಯವರು ಮಗ ಗುರುವಾಗಲಿ ಎಂದು ಅವನನ್ನು ಗುರುಮಠಕ್ಕೆ ಕಳಿಸಿದ್ದೀರಿ? ಪಟ್ಟಣದ ಒಬ್ಬ ಸ್ವಾಮಿಗಳು ಸುತ್ತಲ ಊರುಗಳನ್ನೆಲ್ಲ ನೋಡಿಕೊಳ್ಳಬೇಕಾಯಿತು. ಭಾನುವಾರ ಬಂದು ಪೂಜೆ ಮಾಡಿ, ಮುಂದಿನ ಊರಿಗೆ ಓಡುತ್ತಿದ್ದರು.

ಸಾವು ಗಾಡಿಯ ಮೇಲೆ ಬರುತ್ತಿತ್ತು ಎಂದಲ್ಲವೇ ಇನ್ನಾಸಪ್ಪ ತಿಳಿದದ್ದು? ಈಗ ಅದು ನಡೆದುಕೊಂಡೇ ಬಂತು. ನೂಲು ಘಟಕದ ಹೊಗೆ, ಆವಿ, ವಾಸನೆ ಇವೆಲ್ಲ ಜೀವಮಾನವಿಡೀ ಅವನ ಎದೆಯೊಳಗೆ ಸೇರಿದ್ದವು. ಕೆಮ್ಮು ಹತ್ತಿತು, ಮೈ ಇಳಿಯಿತು. ದೊಡ್ಡಾಸ್ಪತ್ರೆಯವರು ಎಲ್ಲ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಗಾಳಿ ಚೆನ್ನಾಗಿ ಬರುತ್ತದೆಂದು ಮಗ ಅವನನ್ನು ಯಾವ ಕೋಣೆಯಲ್ಲಿ ಮಲಗಿಸಿದ? ಸಂದಿಯ ಕಡೆಗೆ ಕಿಟಕಿ ಇದ್ದ ಆ ಕೋಣೆಯಲ್ಲೇ.

ಮಗ ಬರುತ್ತಿದ್ದ. ಸೊಸೆ ಬರುತ್ತಿದ್ದಳು. ನೆಂಟರು ಬರುತ್ತಿದ್ದರು. ಎಲ್ಲರೂ ಹೊಸ್ತಿಲಲ್ಲಿ ನಿಂತು, ಮುಖದಲ್ಲಿ ನಗು ತಂದುಕೊಂಡು, ಏನೂ ಆಗಲ್ಲ, ಆರಾಮಾಗ್ತೀರಿ ಎಂದು ಹೇಳಿ ಹೋಗುತ್ತಿದ್ದರು. ಇನ್ನಾಸಪ್ಪ ಹಾಸಿಗೆಯಿಂದ ಆ ಬಾಗಿಲನ್ನು ನೋಡುತ್ತಿದ್ದ. ಅಲ್ಲಿ ನಿಂತವರಿಗೆ ಅದು ನಾಲ್ಕೇ ಹೆಜ್ಜೆ. ಮಲಗಿದವನಿಗೆ ಎಷ್ಟು ದೂರ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಹೆದರಿಕೆಯಿಂದ ಅವನ ಕೈ ಹೊದಿಕೆಯನ್ನು ಹಿಡಿದು ಬಿಡುತ್ತಿರಲಿಲ್ಲ.

"ಪಟ್ಟಣದ ಸ್ವಾಮಿಯೋರ್ಗೆ ಒಂದ್ ಫೋನ್ ಮಾಡು ಮಗ" ಎಂದ ಒಂದು ಬೆಳಿಗ್ಗೆ.

"ಈಗ್ಯಾಕಪ್ಪ ಅದೆಲ್ಲ? ಮನೇಲಿ ಕೆಟ್ಟದ್ ಕರುದ್ರೆ ಕೆಟ್ಟದ್ದೇ ಬತ್ತದೆ ಅಂತ ನೀನೇ ಹೇಳ್ತಿದ್ದಲ್ಲ" ಎಂದ ಮಗ. ಹೇಳಿ ಘಟಕದ ಕಡೆಗೆ ಹೋದ.

ಮಗನನ್ನು ಬೈಯುತ್ತೀರಾ? ಬೈಯಬೇಡಿ. ಮನೆಯಲ್ಲಿ ನಾವು ಬಾಯಲ್ಲಿ ಹೇಳಿದ್ದನ್ನು ಮಕ್ಕಳು ಮರೆಯಬಹುದು, ನಾವು ಹೆದರಿದ್ದನ್ನು ಮಾತ್ರ ಚೆನ್ನಾಗಿ ಕಲಿಯುತ್ತಾರೆ.

ಇನ್ನಾಸಪ್ಪನ ಹೆಂಡತಿ ಲೂರ್ದಮ್ಮ ಇದನ್ನೆಲ್ಲ ಕೇಳುತ್ತ ಬಾಗಿಲಲ್ಲಿ ನಿಂತಿದ್ದಳು. ಮಗ ಹೋದ ಮೇಲೆ ಅವಳೇ ಪಟ್ಟಣಕ್ಕೆ ಫೋನು ಮಾಡಿದಳು. ಸ್ವಾಮಿಗಳು ದೂರದ ಊರಿನಲ್ಲಿ ಮದುವೆಯ ಪೂಜೆಯಲ್ಲಿದ್ದಾರೆ, ಮುಗಿಸಿಕೊಂಡು ಬರುತ್ತಾರೆ ಎಂದರು ಅಲ್ಲಿಯ ಗುರುಮನೆಯವರು. ಅವಳು ಬಂದು ಗಂಡನಿಗೆ ಅದನ್ನು ಹೇಳಿದಳು. ಅವನು ಕಣ್ಣು ಮುಚ್ಚಿ, "ಬಂದ್ರೇನು, ಬರದಿದ್ರೇನು. ಅವ್ವ ಮಖ ತಿರುಗುಸ್ಕೊಂಡೇ ಹೋದ್ಲು. ಅಲ್ಲಿ ನನ್ನ ಯಾರು ನೋಡ್ತಾರೆ" ಎಂದ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಲೂರ್ದಮ್ಮ ಹೊಸ್ತಿಲಲ್ಲೇ ಕೂತಳು.

"ಅವತ್ತು ಸ್ವಾಮಿಯೋರು ಹೋಗ್ಲಿಲ್ಲ ಕಣ್ರೀ" ಎಂದಳು.

"ಯಾವತ್ತು?"

"ಅತ್ತೆಮ್ಮ ಹೋದ್ ದಿನ. ಗೇಟ್‌ನಿಂದ ಗಾಡಿ ತಳ್ಕೊಂಡು ಸುತ್ತಾಕ್ಕೊಂಡು ಹಿಂದಿನ ಸಂದೀಗೆ ಬಂದ್ರು. ನಾನು ಹಿತ್ಲಲ್ಲಿ ಪಾತ್ರೆ ಉಜ್ತಿದ್ದೆ. ತಾಯಿ ಮಲಗಿರೋ ಕಿಟಕಿ ಯಾವುದಮ್ಮ ಅಂತ ಕೇಳುದ್ರು. ಕೈ ತೋರ್ಸ್ದೆ. ಕಿಟಕಿ ಕೆಳಗೆ ನಿಂತ್ಕೊಂಡು ಮೆತ್ತಗೆ ಕೂಗುದ್ರು, ಜ್ಞಾನಮ್ಮ, ನಾನು ಇಲ್ಲೇ ಇದೀನಿ ತಾಯಿ, ಹೆದರ್ಬೇಡಿ ಅಂತ. ಆಮೇಲೆ ಜಪ ಹೇಳೋಕೆ ಶುರು ಮಾಡುದ್ರು. ಗಂಟಲು ಕಟ್ಟೋಗೋವರ್ಗೂ ಮೆತ್ತಗೇ ಹೇಳುದ್ರು, ಹೊಸ್ತಿಲಲ್ಲಿದ್ದ ನಿಮ್ಗೆ ಕೇಳುಸ್ನಿಲ್ಲ. ಅತ್ತೆಮ್ಮ ಆ ಕಿಟಕಿ ಗೋಡೆ ಕಡೀಕೆ ತಿರುಗಿದ್ದು ಸಿಟ್ಟಿಗಲ್ಲ ಕಣ್ರೀ. ಕೇಳುಸ್ಕತಿದ್ರು. ತುಟಿ ಅಲ್ಲಾಡ್ತಿತ್ತು. ಒಳಗ್ ಬಂದು ನೀರು ಬಿಟ್ಟೋಳು ನಾನೇ ಅಲ್ವಾ, ನಾನು ನೋಡಿವ್ನಿ."

ಇನ್ನಾಸಪ್ಪ ಕಿಟಕಿಯ ಕಡೆಗೆ ತಿರುಗಿದ. ಎಷ್ಟು ವರ್ಷ ಅವನು ಸತ್ತ ತಾಯಿಗೆ ಹೆದರಿ ಬದುಕಿದ್ದ. ಬದುಕಿದ್ದ ಗುರುಗಳನ್ನು ತಪ್ಪಿಸಿಕೊಂಡು ಓಡಾಡಿದ್ದ. ಒಂದೇ ಒಂದು ಸಲ ಅವರ ಮುಂದೆ ಹೋಗಿ ಮೊಣಕಾಲೂರಿದ್ದರೆ ಆ ಹೆದರಿಕೆ ಅಲ್ಲಿಗೇ ಮುಗಿಯುತ್ತಿತ್ತು.

"ಇಷ್ಟ್ ವರ್ಷ ಯಾಕ್ ಹೇಳ್ನಿಲ್ಲ ನೀನು?"

"ಹೆದ್ರಿಕೆ" ಎಂದಳು ಲೂರ್ದಮ್ಮ. "ನಿಮ್ಮನ್ನ ಕಂಡ್ರೆ."

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಇದನ್ನು ಗಮನವಿಟ್ಟು ಕೇಳಿ, ಈ ಕಥೆಯನ್ನು ನಾನು ಎತ್ತಿಕೊಂಡದ್ದೇ ಈ ಮಾತಿಗಾಗಿ.

"ಸ್ವಾಮಿಯೋರು ಮಲಗಿದ್ದಾಗ ನಾನು ಒಂದಿನ ಗಂಜಿ ತಕ್ಕೊಂಡೋಗಿದ್ದೆ. ನಿಮಗೆ ಹೇಳ್ನಿಲ್ಲ. ಒಬ್ರೇ ಇದ್ರು. ಇಷ್ಟು ಜನದ ಹತ್ರ ಕೂತಿದೀನಿ ಲೂರ್ದಮ್ಮ, ಒಂದೊಂದು ಮನೆಗೆ ಹೋಗುವಾಗ್ಲೂ ನನಗೆ ಹೆದ್ರಿಕೆ ಆಗ್ತಿತ್ತು, ಈಗ್ಲೂ ಆಗ್ತಿದೆ ಅಂದ್ರು. ಸ್ವಲ್ಪ ಹೊತ್ತು ಕೂತಿರ್ತೀಯಾ ತಾಯಿ ಅಂತ ಕೇಳುದ್ರು. ನಾನು, ಹೊತ್ತಾಯ್ತು ಸ್ವಾಮಿ, ನಾಳೆ ಬತ್ತೀನಿ ಅಂದ್ಬುಟ್ಟು ಬಂದೆ. ಮಾರ್ನೆ ದಿನ ಮಧ್ಯಾಹ್ನ ಅವರಿರ್ಲಿಲ್ಲ."

ಸಹೋದರ ಸಹೋದರಿಯರೇ, ಗುರುಗಳಿಗೆ ಹೆದರಿಕೆ ಇಲ್ಲ ಎಂದು ಆ ಊರು ತಿಳಿದಿತ್ತು. ಬಿಳಿ ನಿಲುವಂಗಿ ಹಾಕಿದವರಿಗೆ ಸಾವನ್ನು ಕಂಡರೆ ಏನೂ ಆಗುವುದಿಲ್ಲ, ಅವರಿಗೆ ಅದು ಅಭ್ಯಾಸ ಎಂದು ತಿಳಿದಿತ್ತು. ಅಭ್ಯಾಸವೇ? ಪ್ರತಿ ಮನೆಯ ಮುಂದೆ ಗಾಡಿ ನಿಲ್ಲಿಸುವಾಗ ಆ ಮುದುಕರ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರುತ್ತಲೇ ಒಳಗೆ ಹೋಗುತ್ತಿದ್ದರು. ಹೆದರುತ್ತಲೇ ಕೈ ಹಿಡಿಯುತ್ತಿದ್ದರು. ಅವರಿಗೂ ನಮಗೂ ಇದ್ದ ವ್ಯತ್ಯಾಸ ಇಷ್ಟೇ, ಅವರು ಹೊಸ್ತಿಲಲ್ಲಿ ನಿಲ್ಲುತ್ತಿರಲಿಲ್ಲ.

ಇನ್ನಾಸಪ್ಪನ ಕಥೆ ಮುಗಿಸಿಬಿಡುತ್ತೇನೆ. ಮಧ್ಯಾಹ್ನವಾಯಿತು, ಉಸಿರು ಮೇಲಕ್ಕೆ ಹತ್ತಿತು. ಬೀದಿಯಲ್ಲಿ ಒಂದೊಂದು ಗಾಡಿ ಸದ್ದು ಕೇಳಿದಾಗಲೂ ಅವನು ಕಣ್ಣು ಬಿಟ್ಟು, ಬಂದ್ರಾ ಎಂದು ಕೇಳಿದ. ಹಾಲಿನ ಗಾಡಿ ಹೋಯಿತು. ಗೂಡಿನ ಆಟೊ ಹೋಯಿತು. ಸ್ವಾಮಿಗಳು ಬರಲಿಲ್ಲ.

"ಲೂರ್ದು, ನಂಗೆ ಹೆದ್ರಿಕೆ ಆಯ್ತದೆ" ಎಂದ.

"ನಂಗೂ ಆಯ್ತದೆ ಕಣ್ರೀ" ಎಂದಳು ಅವಳು. ಎಂದವಳು ಎದ್ದಳು. ಆ ನಾಲ್ಕು ಹೆಜ್ಜೆ ನಡೆದು ಹೋಗಿ ಮಂಚದ ಮೇಲೆ ಕೂತು, ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಮೋ ಮರಿಯಾ ಜಪ ಹೇಳತೊಡಗಿದಳು. ನಾವು ದಿನವೂ ಹೇಳುತ್ತೇವಲ್ಲ, ಕೊನೆಯಲ್ಲಿ ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿ ಎಂಬ ಮಾತು ಬರುತ್ತದಲ್ಲ, ಊಟಕ್ಕೆ ಹೊತ್ತಾಯಿತೆಂದು ನುಂಗಿಬಿಡುತ್ತೇವಲ್ಲ, ಆ ಮಾತನ್ನು ಅವಳು ಪ್ರತಿ ಸಲವೂ ನಿಧಾನವಾಗಿ, ಅವನ ಕಿವಿಗೆ ಬೀಳುವ ಹಾಗೆ ಹೇಳಿದಳು. ಅವಳ ದನಿ ಕಿಟಕಿಯಿಂದ ಹೊರಗೆ ಕೇಳುತ್ತಿತ್ತು. ಕೇಳಿದ ಅಕ್ಕಪಕ್ಕದವರು ಏನು ಮಾಡಿದರು? ಬಾಗಿಲು ಹಾಕಿಕೊಂಡರು.

ಪಟ್ಟಣದ ಸ್ವಾಮಿಗಳು ಬಂದಾಗ ಇನ್ನಾಸಪ್ಪ ಹೋಗಿ ಸ್ವಲ್ಪ ಹೊತ್ತಾಗಿತ್ತು. ತೈಲ ಜೇಬಿನಲ್ಲೇ ಉಳಿಯಿತು. ಅವನ ಗತಿ ಏನಾಯಿತು ಎಂದು ನನ್ನನ್ನು ಕೇಳಬೇಡಿ. ದೇವರ ಕರುಣೆ ದೊಡ್ಡದು, ಅವನ ಲೆಕ್ಕ ಅವನಿಗೂ ದೇವರಿಗೂ ಬಿಟ್ಟದ್ದು. ನಾನು ನಿಮ್ಮ ಲೆಕ್ಕ ಕೇಳುತ್ತಿದ್ದೇನೆ. ಆ ಊರು ಯಾವುದು ಎಂದು ಆಗಿನಿಂದ ಯೋಚಿಸುತ್ತಿದ್ದೀರಿ. ಬಾಗಿಲು ಹಾಕಿಕೊಂಡ ಅಕ್ಕಪಕ್ಕದವರು ಯಾರು ಎಂದು ಯೋಚಿಸಿ, ಊರು ತಾನಾಗಿ ಗೊತ್ತಾಗುತ್ತದೆ.

ನಮಗೆ ದೀಕ್ಷಾಸ್ನಾನ ಕೊಟ್ಟವರು, ಮದುವೆ ಮಾಡಿಸಿದವರು, ಗಂಡ ಹೆಂಡಿರ ಜಗಳ ಬಿಡಿಸಿದವರು, ಕುಡಿದು ಬಿದ್ದ ಮಗನನ್ನು ಹೆಗಲ ಮೇಲೆ ಹೊತ್ತು ತಂದವರು, ಯಾರಿಗೂ ಹೇಳಲಾಗದ ಸಂಕಟವನ್ನು ಕೇಳಿಸಿಕೊಂಡು ಎದೆಯಲ್ಲೇ ಇಟ್ಟುಕೊಂಡು ಹೋದವರು ಆ ಶಿಲುಬೆಯ ಬುಡದಲ್ಲಿ ಮಲಗಿದ್ದಾರೆ. ಇವತ್ತು ಅವರಿಗೂ ಒಂದೊಂದು ಬತ್ತಿ ಹಚ್ಚಿ. ಮೊದಲು ಅವರಿಗೆ, ಆಮೇಲೆ ನಿಮ್ಮ ಮನೆಯವರಿಗೆ. ಆದರೆ ಬತ್ತಿ ಹಚ್ಚಿದ ಮಾತ್ರಕ್ಕೆ ಮುಗಿಯಿತು ಎಂದುಕೊಂಡರೆ ನೀವೂ ಫ್ಲೆಕ್ಸ್ ಕಟ್ಟಿಸಿದ ಹಾಗೆಯೇ. ಅವರನ್ನು ನೆನೆಯುವುದು ಎಂದರೆ ಅವರು ಮಾಡಿದ್ದನ್ನು ಮಾಡುವುದು. ನಿಮ್ಮ ಬೀದಿಯಲ್ಲಿ ಮಲಗಿದವರ ಕೋಣೆಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ, ಕೂತುಕೊಳ್ಳಿ. ಏನೂ ಆಗಲ್ಲ ಎಂದು ಸುಳ್ಳು ಹೇಳಬೇಡಿ, ನಾನಿದ್ದೇನೆ ಎನ್ನಿ. ಕಾಯಿಲೆಯವರಿಗೆ ಮಾತಾಡುವ ಶಕ್ತಿ ಇರುವಾಗಲೇ ಗುರುಗಳನ್ನು ಕರೆಯಿರಿ. ನಿಮ್ಮ ಊರಿಗೆ ಬರುವ ಯಾವ ಗುರುಗಳೇ ಆಗಲಿ, ಅವರು ಮಲಗಿದ ದಿನ ಹಣ್ಣಿನ ಬುಟ್ಟಿ ಕಳಿಸಬೇಡಿ, ನೀವೇ ಹೋಗಿ.

ಕೊನೆಯದಾಗಿ ಒಂದು ಮಾತು. ಈ ಧರ್ಮಕೇಂದ್ರದಲ್ಲಿ ಈಗ ಒಬ್ಬ ತಾಯಿ ಮಲಗಿದ್ದಾರೆ. ಹೆಸರು ಹೇಳುವುದಿಲ್ಲ, ಮನೆಯವರು ಇಲ್ಲೇ ಕೂತಿದ್ದಾರೆ. ನಾನು ಬರುತ್ತೇನೆ ಎಂದಾಗಲೆಲ್ಲ, ಈಗ ಬೇಡ ಫಾದರ್, ಹಬ್ಬ ಕಳೆಯಲಿ ಎನ್ನುತ್ತಿದ್ದೀರಿ. ನನಗೆ ಕೋಪವಿಲ್ಲ. ನಿಮಗೆ ಹೆದರಿಕೆ ಎಂದು ಗೊತ್ತು. ನನಗೂ ಆ ಬಾಗಿಲು ದಾಟಲು ಹೆದರಿಕೆ ಇದೆ. ಇವತ್ತು ಸಮಾಧಿಗಳ ಆಶೀರ್ವಾದ ಮುಗಿಸಿ, ನೇರವಾಗಿ ಅಲ್ಲಿಗೇ ಬರುತ್ತಿದ್ದೇನೆ. ಬಾಗಿಲು ತೆಗೆದಿಡಿ, ಮಂಚದ ಪಕ್ಕದಲ್ಲಿ ಎರಡು ಕುರ್ಚಿ ಹಾಕಿಡಿ. ಒಂದು ನನಗೆ. ಇನ್ನೊಂದರಲ್ಲಿ ನೀವು ಕೂತುಕೊಳ್ಳಬೇಕು.